ಡ್ರಿಲ್ ಮೇಷ್ಟ್ರ ಚ್ಯೂಯಿಂಗ್ ಗಮ್

ಸೋಮವಾರ, ಮಧ್ಯಾಹ್ನ

ಗುಬ್ಬಿ,

ಆಶೀರ್ವಾದ ಕೊನೆಗೆ. ಮೊದಲು ಜಗಳ.

ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಸುಮ್ಮನಾಗುತ್ತೇನೆ. ದಿನಚರಿ ಬರೆದು ಬರೆದು ನನಗೆ ಕಾಗದದ ಮೇಲೆ ಮಾತ್ರ ಬಾಯಿ ಬರುತ್ತದೆ.

ನೀನು ಕಳಿಸಿದ ದೂರಿನ ಪತ್ರ ತಲುಪಿತು. ಅದಕ್ಕೆ ನಾನು ಸಹಿ ಹಾಕುವುದಿಲ್ಲ. ಕರುಳಿನ ಆಪರೇಷನ್ ಆದವರನ್ನು ಮಾರನೇ ದಿನವೇ ನಡೆಸಿ, ಉಣ್ಣಿಸಿ, ಬೇಗ ಮನೆಗೆ ಕಳಿಸುವ ಹೊಸ ಪದ್ಧತಿಯೇ ಅಪ್ಪನನ್ನು ಕೊಂದಿತು, ಅದನ್ನು ನಿಲ್ಲಿಸಬೇಕು ಎಂದು ಬರೆದಿದ್ದೀಯ. ಆಗ ನೀನು ಇಲ್ಲಿರಲಿಲ್ಲ. ಇದು ಚುಚ್ಚುಮಾತಲ್ಲ, ಹಸಿ ಬಾಣಂತಿ ಹೇಗೆ ಬರುತ್ತಿದ್ದೆ? ನಾನಿದ್ದೆ. ಕಂಡದ್ದನ್ನು ಹೇಳುತ್ತೇನೆ.

ಆಪರೇಷನ್ನಿನ ಮಾರನೇ ಬೆಳಿಗ್ಗೆ ವಾರ್ಡಿನ ನರ್ಸಮ್ಮ ಒಂದು ಚ್ಯೂಯಿಂಗ್ ಗಮ್ ತಂದು ಅಪ್ಪನ ಕೈಗಿಟ್ಟಳು. ಬಾಯಿ ಆಡಿಸುವ ಮಕ್ಕಳನ್ನು ಮೈದಾನ ಸುತ್ತಿಸಿದ ಡ್ರಿಲ್ ಮೇಷ್ಟ್ರ ಕೈಗೆ!

"ಇದೇನಮ್ಮ, ನಾನೇನು ಚಿಕ್ಕ ಹುಡುಗನಾ?" ಅಂದರು.

"ಅಗೀರಿ ಮೇಷ್ಟ್ರೇ. ಊಟ ಬಂತು ಅಂದ್ಕೊಂಡು ಕರುಳು ಎದ್ದು ಕೂರುತ್ತೆ," ಅಂದಳು.

ಅಪ್ಪ ಬಾಗಿಲ ಕಡೆ ನೋಡಿ, ಹಳೆಯ ಶಿಷ್ಯರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಾಯಿಗೆ ಹಾಕಿಕೊಂಡರು. ನಿನ್ನ ಅಜ್ಜಿ ಇದೇ ಆಪರೇಷನ್ ಆಗಿ, ತೊಟ್ಟು ನೀರಿಗೆ ಬೇಡುತ್ತಾ, ಮಲಗಿದಲ್ಲೇ ಬೆನ್ನು ಹುಣ್ಣಾಗಿ ಹೋದವರು. ಅವರ ಮಗ ಸಂಜೆಗೆ ನನ್ನ ಭುಜ ಹಿಡಿದು, "ಎಡ, ಬಲ" ಎನ್ನುತ್ತಾ ಕಾರಿಡಾರಿನ ಉದ್ದಕ್ಕೂ ನಡೆದರು. ಪಕ್ಕದ ಹಾಸಿಗೆಯ ಬಸ್ ಡ್ರೈವರನನ್ನೂ ಬಿಡಲಿಲ್ಲ. "ಏಳಯ್ಯ, ಗಾಡಿ ನಿಂತಲ್ಲೇ ತುಕ್ಕು ಹಿಡಿಯುತ್ತೆ!" ಇದನ್ನು ನಿಲ್ಲಿಸಿ ಎಂದು ನಾನು ಯಾವ ಬಾಯಲ್ಲಿ ಹೇಳಲಿ?

ತಪ್ಪಿದ್ದು ಮನೆಗೆ ಬಂದ ಮೇಲೆ. ದಿನಾ ಬೆಳಿಗ್ಗೆ ಆಸ್ಪತ್ರೆಯಿಂದ ನರ್ಸ್ ಒಬ್ಬಳು ಫೋನ್ ಮಾಡಿ ಜ್ವರ, ನೋವು ವಿಚಾರಿಸಬೇಕಿತ್ತು. ಬೇಗ ಕಳಿಸಲು ಧೈರ್ಯ ಕೊಡುವುದೇ ಆ ಫೋನು ಎಂದು ಆಪರೇಷನ್ ಮಾಡಿದ ಡಾಕ್ಟರಮ್ಮ ಹೇಳಿದ್ದರು. ಆದರೆ ಆಸ್ಪತ್ರೆಯ ಆಫೀಸಿನವರು ಆ ಕೆಲಸಕ್ಕೆ ಯಾರನ್ನೂ ಹಾಕಿರಲಿಲ್ಲ. ಹಾಸಿಗೆ ಬೇಗ ಖಾಲಿಯಾದದ್ದು ಉಳಿತಾಯವಂತೆ, ಫೋನಿಗೆ ಕೂರುವವರ ಸಂಬಳ ಮಾತ್ರ ದಂಡದ ಖರ್ಚಂತೆ. ಮನೆಗೆ ಬಂದ ರಾತ್ರಿಯೇ ಅಪ್ಪನಿಗೆ ಚಳಿಜ್ವರ ಬಂದಾಗ, ಅವರು ಬರೆದುಕೊಟ್ಟಿದ್ದ ನಂಬರಿಗೆ ನಾನೇ ಮಾಡಿದೆ. ಮತ್ತೆ ಮತ್ತೆ ಮಾಡಿದೆ. ಯಾರೂ ಎತ್ತಲಿಲ್ಲ. "ಬಿಡೇ, ಬೆಳಿಗ್ಗೆ ಅವರೇ ಮಾಡ್ತಾರೆ," ಅಂದರು ಅಪ್ಪ. ಅವರು ಮಾಡಲಿಲ್ಲ. ಒಳಗೆ ಹೊಲಿಗೆ ಬಿಟ್ಟಿತ್ತಂತೆ. ಕರೆದುಕೊಂಡು ಹೋಗುವಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು.

ಹೋದ ವಾರ ಆಸ್ಪತ್ರೆಯ ಮ್ಯಾನೇಜರು ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದ. ಅವನಿಗೂ ನನ್ನ ಸಹಿ ಬೇಕಿತ್ತು, ನಮಗೆ ಯಾರ ಮೇಲೂ ದೂರಿಲ್ಲ ಎಂದು. "ನೀವು ತಕರಾರು ಮಾಡಿದ್ರೆ ಈ ಪದ್ಧತೀನೇ ನಿಲ್ಲಿಸಿಬಿಡ್ತೀವಮ್ಮ. ಹೊಸದು ಅಂದ್ರೆ ಬರೀ ಖರ್ಚು," ಅಂದ. ನೋಡಿದೆಯಾ, ನೀನು ಕೇಳುವುದೂ ಅವನು ಬೆದರಿಸುವುದೂ ಒಂದೇ!

ಬುಟ್ಟಿಯನ್ನು ಅವನ ಕೈಗೇ ಕೊಟ್ಟೆ. "ಆನೆ ತಂದವರು ಅಂಕುಶಕ್ಕೆ ಚೌಕಾಸಿ ಮಾಡಬಾರದಪ್ಪ," ಅಂದೆ. ಮಾರನೇ ದಿನ ಆಸ್ಪತ್ರೆಯವರ ಸಭೆಗೇ ಹೋದೆ. ಯಾರೂ ಕರೆದಿರಲಿಲ್ಲ. ಜೊತೆಗೆ ಬಸ್ ಡ್ರೈವರ್ ಬಂದ, ಗುಣವಾಗಿ ಗುಂಡುಕಲ್ಲಿನ ಹಾಗಿದ್ದಾನೆ. ನೇರವಾಗಿ ಹೇಳಿದೆ: ಇದನ್ನು ನಿಲ್ಲಿಸಕೂಡದು, ಅರ್ಧಂಬರ್ಧ ನಡೆಸಲೂ ಕೂಡದು. ಫೋನಿಗೆ ಜನ ಕೂರಿಸದೆ ಇನ್ನೊಬ್ಬರನ್ನು ಮನೆಗೆ ಕಳಿಸಿದರೆ ವಾರ್ಡಿನ ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. ಮ್ಯಾನೇಜರು "ನೋಡೋಣ" ಅಂದ. "ನೋಡೋಕೆ ಕನ್ನಡಿ ಇದೆ ಸಾರ್, ನೀವು ಫೋನ್ ಎತ್ತಿಸಿ," ಅಂದ ಡ್ರೈವರ್. ಆಗ ಡಾಕ್ಟರಮ್ಮ ಎದ್ದು ನಿಂತು, ಜನ ಬರುವ ತನಕ ತಾನು ಒಬ್ಬರನ್ನೂ ಬೇಗ ಕಳಿಸುವುದಿಲ್ಲ ಎಂದುಬಿಟ್ಟರು.

ಶನಿವಾರದಿಂದ ಗಮ್ ಕೊಟ್ಟ ನರ್ಸಮ್ಮನೇ ಫೋನಿಗೆ ಕೂತಿದ್ದಾಳೆ. ಅವಳ ಬದಲು ವಾರ್ಡಿಗೆ ಬೇರೆಯವಳು ಬಂದಿದ್ದಾಳೆ. ನಾನು ದಿನಾ ಒಮ್ಮೆ ಆ ನಂಬರ್ ಒತ್ತಿ ನೋಡುತ್ತೇನೆ. "ಹೇಳಿ ಅಮ್ಮ," ಅನ್ನುತ್ತಾಳೆ. "ಏನಿಲ್ಲ ತಾಯಿ, ಸುಮ್ನೆ," ಎಂದು ಇಡುತ್ತೇನೆ.

ನಿನ್ನೆ ಅಪ್ಪನ ಮೇಜು ಒರೆಸುವಾಗ ಅಡಿಯಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಅಗಿದು ಅಂಟಿಸಿದ ಗಮ್! ಈ ತಪ್ಪಿಗೆ ಎಷ್ಟು ಮಕ್ಕಳ ಕಿವಿ ಹಿಂಡಿದ್ದರೋ. ಕೀಳಲಿಲ್ಲ. ಅಲ್ಲೇ ಇದೆ.

ನಾನು ಇಳಿದುಹೋಗಿದ್ದೇನೆ ಎಂದು ಅಳಿಯಂದಿರು ಹೇಳಿದರಂತೆ. ವಯಸ್ಸು, ಅಷ್ಟೇ. ನಿನ್ನ ದೂರಿನ ಪತ್ರ ವಾಪಸ್ ಕಳಿಸಿದ್ದೇನೆ, ಕೋಪ ಬಂದರೆ ಬರಲಿ. ಮಗುವಿನ ಕೆನ್ನೆಗೆ ಒಂದು ಮುತ್ತು. ನಿನಗೆ, ಜಗಳ ಮುಗಿದದ್ದರಿಂದ, ಆಶೀರ್ವಾದ.

ನಿನ್ನ
ಅಮ್ಮ

ತಾ.ಕ.: ವಯಸ್ಸು ಎಂದದ್ದು ಸುಳ್ಳು. ನನ್ನ ಕರುಳಿನಲ್ಲೂ ಗಂಟಿದೆ. ಮುಂದಿನ ವಾರ ಗುರುವಾರ ಆಪರೇಷನ್. ಅದೇ ವಾರ್ಡು, ಅದೇ ಡಾಕ್ಟರಮ್ಮ, ಅದೇ ಪದ್ಧತಿ. ಬೇಡ ಎನ್ನಲು ಬರುವುದಾದರೆ ಬರಬೇಡ. ಕಾರಿಡಾರಿನಲ್ಲಿ ನನಗೆ ಭುಜ ಕೊಟ್ಟು "ಎಡ, ಬಲ" ಹೇಳಲು ಬರುವುದಾದರೆ ಮಗುವನ್ನೂ ಎತ್ತಿಕೊಂಡು ಬಾ. ಬರುವಾಗ ಒಂದು ಪೊಟ್ಟಣ ಗಮ್ ತಾ. ಪುದೀನದ್ದು ಬೇಡ, ಅಪ್ಪನಿಗೂ ಅದು ಹಿಡಿಸಿರಲಿಲ್ಲ.