ಹೂಂ ಅಂದರೆ ಸಾಕು

ಮುಳಬಾಗಿಲು, ಗುರುವಾರ

ತಾಯಲೂರಿನ ಕದಿರಮ್ಮಕ್ಕನಿಗೆ, ಜಪಾನಿ ಭಾಷೆ ಕಲಿಸುವ ವನಜಾಕ್ಷಿಯ ನಮಸ್ಕಾರ.

ಕೊಟ್ಟಿಗೆಯಲ್ಲಿ ಒಬ್ಬಳೇ ಏನೇನೋ ಮಾತಾಡುತ್ತಾಳೆ, ಗಾಳಿ ಸೋಕಿದೆ ಎಂದು ನಿಮ್ಮ ಮಗಳು ಮುನಿಲಕ್ಷ್ಮಿಗೆ ತಾಯತ ಕಟ್ಟಿಸಿ, ಕ್ಲಾಸು ಬಿಡಿಸಿದ್ದೀರಂತೆ. ಗಾಳಿಯಲ್ಲ ಅಕ್ಕಾ, ಅದು ನಾನು ಕೊಟ್ಟ ಹೋಂವರ್ಕು. ದಿನವೂ ಮನೆಯಲ್ಲಿ ಯಾರ ಹತ್ತಿರವಾದರೂ ಜಪಾನಿಯಲ್ಲಿ ಗಟ್ಟಿಯಾಗಿ ಮಾತಾಡಿ ಎಂದಿದ್ದೆ. ಉಳಿದ ಮಕ್ಕಳು ಅಮ್ಮನ ಹತ್ತಿರ, ಅಜ್ಜಿಯ ಹತ್ತಿರ ಎಂದರು. ಇವಳು, "ನಮ್ಮಮ್ಮಂಗೆ ಪುರುಸೊತ್ತಿರಲ್ಲ ಮಿಸ್, ಹಸು ಹತ್ರ ಮಾತಾಡ್ತೀನಿ" ಅಂದಳು.

ತಾಯತ ಇರಲಿ, ಬಿಚ್ಚಬೇಡಿ. ಶನಿವಾರ ಅವಳನ್ನು ಕ್ಲಾಸಿಗೆ ಕಳಿಸಿಕೊಡಿ. ಹಾಲು ಕರೆಯುವಾಗ ಪಕ್ಕದಲ್ಲಿ ಕೂರಿಸಿಕೊಂಡು, ಅರ್ಥವಾಗದಿದ್ದರೂ ಆಗಾಗ ಹೂಂ ಅನ್ನಿ. ಹಸು ಹೂಂಗುಟ್ಟುವುದಿಲ್ಲ ಎಂದು ಅವಳಿಗೆ ಬೇಜಾರಂತೆ.

ನಿಮ್ಮ ತಂಗಿಯಂಥವಳು,
ವನಜಾಕ್ಷಿ