ಎರಡನೆಯ ಮುದ್ರೆ

ಬುಸಾನ್, ಯೊಂಗ್ದೊ
೧೪ ಮಾರ್ಚ್ ೧೯೮೯

ದಾಮಿಯ ಅಪ್ಪನಿಗೆ,

ನಿಮ್ಮ ಸೊಂಟನೋವು ಹೇಗಿದೆ? ಬಲೆ ಎಳೆಯುವಾಗ ಪಟ್ಟಿ ಕಟ್ಟಿಕೊಳ್ಳುತ್ತೀರಾ, ಇಲ್ಲ ಹಡಗಿನ ಹುಡುಗರ ಮುಂದೆ ಶೂರರಾಗುತ್ತೀರಾ? ಈ ಕಾಗದ ನಿಮಗಿಂತ ಮೊದಲು ಲಾಸ್ ಪಾಲ್ಮಾಸ್ ಬಂದರು ಸೇರಲಿ. ಅತ್ತೆಯವರು ಚೆನ್ನಾಗಿದ್ದಾರೆ, ನನ್ನ ಕಿಮ್ಚಿಗೆ ಉಪ್ಪು ಸಾಲದು ಎನ್ನುವಷ್ಟು ಗಟ್ಟಿಯಾಗಿದ್ದಾರೆ.

ನಾನು ಮಾತ್ರ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ದಾಮಿ ತನ್ನ ಮುಖಕ್ಕೆ ತಾನೇ ಗುದ್ದಿಕೊಳ್ಳುವುದು ನಿಂತಿಲ್ಲ. ಹೀಗೇ ಆದರೆ ಬಲಗಣ್ಣು ಹೋಗುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿಬಿಟ್ಟರು. ಚಿಕಿತ್ಸಾ ಕೇಂದ್ರದ ನಾಮ್ ಮೇಡಂ ಅವಳು ಯಾಕೆ ಹಾಗೆ ಮಾಡುತ್ತಾಳೆಂದು ಮೊದಲು ಹುಡುಕಿದರು. ಏನಾದರೂ ಬೇಡವಾದಾಗ ಗುದ್ದಿಕೊಳ್ಳುವ ಬದಲು ಕೈಸನ್ನೆಯಿಂದ ಹೇಳುವುದನ್ನು ಎರಡು ತಿಂಗಳು ಕಲಿಸಿದರು. ದಿನಕ್ಕೆ ತೊಂಬತ್ತಿದ್ದ ಗುದ್ದು ನಲವತ್ತಕ್ಕೆ ಇಳಿದು ಅಲ್ಲೇ ನಿಂತಿದೆ. ಇನ್ನು ಉಳಿದಿರುವುದು ಶಿಕ್ಷೆ: ಗುದ್ದಿಕೊಂಡ ಕೂಡಲೇ ಮುಖಕ್ಕೆ ತಣ್ಣೀರಿನ ತುಂತುರು. ಅದಕ್ಕೆ ಅಪ್ಪ, ಅಮ್ಮ ಇಬ್ಬರೂ ಒಪ್ಪಿ, ಸಹಿಯ ಜಾಗದಲ್ಲಿ ತಮ್ಮ ತಮ್ಮ ಹೆಸರಿನ ಮುದ್ರೆ ಒತ್ತಬೇಕು.

ನಾನು ಚೀಲದಿಂದ ಎರಡೂ ಮುದ್ರೆ ತೆಗೆದು ಟಪಟಪ ಒತ್ತಿಬಿಟ್ಟೆ. ಶಾಲೆಯಲ್ಲಿ, ಅಂಚೆ ಕಚೇರಿಯಲ್ಲಿ ನಿಮ್ಮ ಮುದ್ರೆ ಒತ್ತುವವಳು ನಾನೇ ತಾನೆ? ಮೇಡಂ ಆ ಹಾಳೆಯನ್ನೇ ಹರಿದುಹಾಕಿದರು! "ಹಡಗಲ್ಲಿರೋರು ಯಾವಾಗ ಒಪ್ಕೊಂಡ್ರಮ್ಮ? ಅವ್ರನ್ನ ಕೇಳಿ. ಬೇಡ ಅನ್ನೋಕೂ ಅವ್ರಿಗೆ ಹಕ್ಕಿದೆ." ನನಗೆ ಮೈಯೆಲ್ಲ ಉರಿಯಿತು. "ನಿಮ್ ನಿಯಮ ಮುಗಿಯೋಷ್ಟ್ರಲ್ಲಿ ನನ್ ಮಗಳ ಕಣ್ಣೇ ಹೋಗಿರತ್ತೆ" ಎಂದು ಕೂಗಾಡಿದೆ. ಅವರು ಸಿಟ್ಟಾಗಲಿಲ್ಲ. ತುಂತುರಿನ ಬಾಟಲಿ ತೆಗೆದು ಮೊದಲು ತಮ್ಮ ಮುಖಕ್ಕೆ ಹೊಡೆದುಕೊಂಡರು, ಆಮೇಲೆ ನನ್ನನ್ನು ಕೂರಿಸಿ ನನಗೂ ಹೊಡೆದರು. ಬರೀ ನೀರು, ನಿಜ. ಆದರೂ ತುಂಬಾ ಅವಮಾನವಾಯಿತು. ಎರಡು ವಾರದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸುತ್ತಾರಂತೆ. ತರಬೇತಿ ಆದವರ ಹೊರತು ಯಾರೂ ಬಾಟಲಿ ಮುಟ್ಟುವಂತಿಲ್ಲ, ನಾನೂ ಕೂಡ. ನಿಮ್ಮ ಉತ್ತರ ಬರುವವರೆಗೆ ಅವಳ ಕೈಗೆ ದಪ್ಪ ಮೆತ್ತೆಯ ಗವಸು ಹಾಕಿದ್ದಾರೆ.

ಆದ್ದರಿಂದ ಕೇಳುತ್ತಿದ್ದೇನೆ, ನಿಮಗೆ ಏನನ್ನಿಸುತ್ತದೆ? ನನಗೆ ಹೆದರಿ ಹ್ಞೂಂ ಎನ್ನಬೇಡಿ. ಬಂದರಿಗೆ ಇಳಿದ ದಿನವೇ ಫೋನ್ ಮಾಡಿ. ಸಮುದ್ರ ನಿಮ್ಮೆಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಲಿ.

ನಿಮ್ಮ
ಗುಮ್‌ಹೀ

ಮರೆತಿದ್ದೆ ಎಂದು ಬರೆಯಲು ಹೊರಟೆ, ಮರೆತಿರಲಿಲ್ಲ. ನನಗೆ ಕಾಯಲಾಗಲಿಲ್ಲ. ಹೋದ ವಾರದಿಂದ ಅವಳು ಗುದ್ದಿಕೊಂಡಾಗಲೆಲ್ಲ ನಾನೇ ಕೆನ್ನೆಗೆ ಬಾರಿಸುತ್ತಿದ್ದೇನೆ. ಇವತ್ತು ಬೆಳಿಗ್ಗೆ ಜಡೆ ಹಾಕಲು ಕೈ ಎತ್ತಿದೆ, ಮಗು ಗೋಡೆಗೆ ಅಂಟಿಕೊಂಡು ನಿಂತಳು. ನಾಳೆ ಮೇಡಂಗೆ ಎಲ್ಲ ಹೇಳಿಬಿಡುತ್ತೇನೆ. ಎಡಗೆನ್ನೆಯ ನೀಲಿ ಗುರುತನ್ನೂ ದಾಮಿಯೇ ಮಾಡಿಕೊಂಡದ್ದೆಂದು ಅವರು ಬರೆದಿದ್ದಾರೆ. ಅದು ನನ್ನ ಕೈಯದು.