ಯುಗಾದಿಗೆ ಮುಂಚಿನ ಗಾಯ

ಕುಲ್ಲು ಕಡೆಯ ಬೆಟ್ಟದಿಂದ
೬ ನವೆಂಬರ್ ೨೦೨೫

ಪ್ರೀತಿಯ ಅವ್ವನಿಗೆ ಶರಣಾರ್ಥಿ.

ಮೋನಮ್ಮಕ್ಕಾ, ಓದಿ ಹೇಳುವ ಮೊದಲು ಅವ್ವನನ್ನು ಕೂರಿಸು. ಫೋನಿನಲ್ಲಿ ಹೇಳಲು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ.

ಇಲ್ಲಿ ಮರ ಎಣಿಸುತ್ತೇನೆ ಅಂದಿದ್ದೆನಲ್ಲ, ಅದು ಅರ್ಧ ನಿಜ. ಎಣಿಸುವುದು ಮರದ ಒಳಗಿನ ಸುತ್ತುಗಳನ್ನು. ಮರಕ್ಕೆ ವರ್ಷಕ್ಕೊಂದು ಸುತ್ತು. ಮೇಲಿನಿಂದ ಹಿಮ ಕುಸಿದು ಬಡಿದರೆ ಅಲ್ಲಿ ಗಾಯ ಉಳಿಯುತ್ತದೆ. ಹೊರಗಿನಿಂದ ಸುತ್ತು ಎಣಿಸುತ್ತ ಹೋದರೆ ಯಾವ ಚಳಿಗಾಲದ್ದೆಂದು ಸಿಗುತ್ತದೆ. ಈ ಕಣಿವೆಗೆ ನಾನೇ ಕೇಳಿ ಕೆಲಸ ಹಾಕಿಸಿಕೊಂಡೆ. ಅಪ್ಪ ರಸ್ತೆ ಕೆಲಸಕ್ಕೆ ಬಂದದ್ದು ಇಲ್ಲಿಗೇ.

ಅಪ್ಪನ ಫೋನು ನಿಂತು ಒಂದೂವರೆ ವರ್ಷ ಕಾದು, ೨೦೦೯ರಲ್ಲಿ, ಅವ್ವಾ, ನೀನು ನನ್ನ ಕೈಲಿ ಗುತ್ತಿಗೆದಾರನಿಗೆ ಅರ್ಜಿ ಬರೆಸಿದೆ. “ಹ್ವಾದ ವರ್ಷದ ಆಚಿ ವರ್ಷ, ಶಿವರಾತ್ರಿ ಮುಂದ ಫೋನ್ ನಿಂತೈತಿ. ಹಿಮ ಬಿದ್ದಿತ್ತೇನು ಕೇಳು” ಅಂದೆ. ಹತ್ತು ವರ್ಷದ ಜಾಣೆ ನಾನು, ಎರಡು ಕಳೆದು ೨೦೦೭ ಎಂದು ಬರೆದೆ. ಆ ಶಿವರಾತ್ರಿಗೆ ಹಿಮ ಕುಸಿದಿಲ್ಲ, ನಿಮ್ಮ ತಾಯಪ್ಪ ಆಮೇಲೆ ತಾನಾಗಿಯೇ ಕೆಲಸ ಬಿಟ್ಟು ಹೋದ ಎಂದು ಉತ್ತರ ಬಂತು. ಅಂದಿನಿಂದ ನಮ್ಮೂರು ಬೋನಾಳಕ್ಕೆಲ್ಲ ನೀನು ಓಡಿಹೋದವನ ಹೆಂಡತಿ.

ಅವ್ವಾ, ನಿನ್ನ ವರ್ಷ ಯುಗಾದಿಯಿಂದ ಯುಗಾದಿಗೆ. ನನ್ನದು ಗೋಡೆಯ ಕ್ಯಾಲೆಂಡರಿನದು. ಶಿವರಾತ್ರಿ ನಿನಗೆ ವರ್ಷದ ಕೊನೆ, ನನಗೆ ಮೊದಲು. ನೀನು ಹೇಳಿದ್ದು ೨೦೦೮ರ ಶಿವರಾತ್ರಿ!

ಮರವೂ ನಿನ್ನ ಹಾಗೆಯೇ, ಚಳಿ ಮುಗಿದ ಮೇಲೆ ಹೊಸ ವರ್ಷ ಹಿಡಿಯುತ್ತದೆ. ಅಪ್ಪನ ಶೆಡ್ಡಿದ್ದ ಇಳಿಜಾರಿನಲ್ಲಿ ಹದಿನಾಲ್ಕು ದೇವದಾರು ನೋಡಿದೆ. ಹನ್ನೊಂದರಲ್ಲಿ ಒಂದೇ ಸುತ್ತಿನ ಅಂಚಿಗೆ ಗಾಯ. ೨೦೦೭ರ ಸುತ್ತು ಮುಗಿದಿದೆ, ೨೦೦೮ರದು ಇನ್ನೂ ಹುಟ್ಟಿಲ್ಲ. ಮರ ಅಪ್ಪನ ಹೆಸರು ಹೇಳುವುದಿಲ್ಲ. ಆದರೆ ಅವನು ಓಡಿಹೋಗಲಿಲ್ಲ, ನಾನು ಹೇಳುತ್ತೇನೆ.

ಅದೇ ಜಾಗದಲ್ಲಿ ಮತ್ತೆ ತಗಡಿನ ಶೆಡ್ಡುಗಳು ಎದ್ದಿವೆ, ನಲವತ್ತು ಜನ ಮಲಗುತ್ತಾರೆ. ಇಲ್ಲಿ ಎಂದೂ ಹಿಮ ಕುಸಿದಿಲ್ಲ ಎಂದು ಅದೇ ಗುತ್ತಿಗೆದಾರ ಹೇಳುತ್ತಾನೆ. ಶೆಡ್ಡು ಅಲ್ಲಿರಬೇಕೋ ಬೇಡವೋ ಎಂದು ತಿಂಗಳ ಕೊನೆಗೆ ಅಧಿಕಾರಿಗಳ ಸಭೆ. ಅಷ್ಟರೊಳಗೆ ಹಿಮ ಸುರಿದರೆ ಏನು ಗತಿ? ಟ್ರಂಕಿನ ತಳದಲ್ಲಿ ಆ ಅರ್ಜಿಯ ನಕಲು, ಅವನ ಉತ್ತರ ಇವೆ. ಮೋನಮ್ಮಕ್ಕ ಫೋಟೊ ತೆಗೆದು ಕಳಿಸಲಿ. ತಪ್ಪು ಇಸವಿ ಬರೆದವಳು ನಾನೇ, ಅವನು ಉತ್ತರ ಕೊಟ್ಟದ್ದು ೨೦೦೭ಕ್ಕೆ, ೨೦೦೮ಕ್ಕಲ್ಲ ಎಂದು ಸಭೆಯಲ್ಲಿ ಎದ್ದು ಹೇಳುತ್ತೇನೆ.

ನಿನ್ನ ಮಗಳು,
ಪರಿಮಳಾ

ತಾ.ಕ.: ಇದು ಮೊನ್ನೆ ತಿಳಿದದ್ದಲ್ಲ. ಭೀಮರಾಯನಗುಡಿಯ ಕಾಲೇಜಿನಲ್ಲಿ ಮೊದಲ ಸಲ ಮರದ ಸುತ್ತು ಎಣಿಸಿದ ದಿನವೇ ನನ್ನ ತಪ್ಪು ಹೊಳೆದಿತ್ತು. ಏಳು ವರ್ಷ ಜನ ನಿನ್ನನ್ನು ಆಡಿಕೊಂಡಾಗಲೂ ಪಕ್ಕದಲ್ಲಿ ಬಾಯಿ ಮುಚ್ಚಿ ಕೂತಿದ್ದೆ. ಮೋನಮ್ಮಕ್ಕಾ, ಈ ಸಾಲು ನುಂಗಬೇಡ. ಕಟ್ಟೆಯ ಮೇಲೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಓದು.